ಕೆಟ್ಟ ಹೆಸರು ಹೊತ್ತು ಊರೂರಿಗೆ

1984ರ ಮೇ 30ರ ರಾತ್ರಿ ರೋಮ್ ನಗರದ ಒಲಿಂಪಿಕೊ ಕ್ರೀಡಾಂಗಣದಲ್ಲಿ ಯುರೋಪಿಯನ್ ಕಪ್ ಫೈನಲ್ ನಡೆಯಿತು. ರೋಮಾ ತಂಡಕ್ಕೆ ಅದು ತವರು ಅಂಗಳ. ಪೆನಾಲ್ಟಿ ಶೂಟೌಟ್‌ನಲ್ಲಿ ಕಪ್ ಗೆದ್ದದ್ದು ಮಾತ್ರ ಇಂಗ್ಲೆಂಡಿನ ಲಿವರ್‌ಪೂಲ್. ಆಮೇಲೆ ಹೊರಬಿದ್ದ ಇಂಗ್ಲಿಷ್ ಅಭಿಮಾನಿಗಳಿಗೆ ಸಂಭ್ರಮಿಸುವ ಮಾತು ಹಾಗಿರಲಿ, ಬಸ್ಸು ಹತ್ತುವುದೇ ಕಷ್ಟವಾಯಿತು. ಕಲ್ಲು, ಬಾಟಲಿಗಳು ತೂರಿಬಂದವು. ಸ್ಕೂಟರುಗಳಲ್ಲಿ ಬಂದ ಹುಡುಗರು ಸಿಕ್ಕಿದವರಿಗೆ ಚೂರಿ ಬೀಸಿ ಗಲ್ಲಿಗಳಲ್ಲಿ ಮಾಯವಾದರು. ಪೊಲೀಸರ ಲಾಠಿ ಬಿದ್ದದ್ದೂ ಬಹುಪಾಲು ಹೊರಗಿನಿಂದ ಬಂದವರ ಮೇಲೆಯೇ. ಅಂದು ಗಾಯಗೊಂಡು ಊರು ಸೇರಿದವರ ಕತೆ ಹೆಚ್ಚು ಸುದ್ದಿಯಾಗಲಿಲ್ಲ. ಇಂಗ್ಲಿಷ್ ಅಭಿಮಾನಿ ಏಟು ತಿಂದ ಎಂದರೆ ಏನೋ ಮಾಡಿಯೇ ತಿಂದಿರಬೇಕು ಎಂಬ ನಂಬಿಕೆ ಆ ಹೊತ್ತಿಗಾಗಲೇ ಬೇರೂರಿತ್ತು.

ಮರುವರ್ಷ ಮೇ 29ರಂದು ಅದೇ ಕಪ್‌ನ ಫೈನಲ್ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ. ಒಂದು ಕಡೆ ಮತ್ತೆ ಲಿವರ್‌ಪೂಲ್, ಎದುರಿಗೆ ಇಟಲಿಯದೇ ಇನ್ನೊಂದು ತಂಡ ಯುವೆಂಟಸ್. ಕ್ರೀಡಾಂಗಣ ಮುರುಕಲಾಗಿತ್ತು. ಹೊರಗೋಡೆ ಎಷ್ಟು ದುರ್ಬಲವಾಗಿತ್ತೆಂದರೆ ಟಿಕೆಟ್ ಇಲ್ಲದವರು ಅದನ್ನು ಒದ್ದು ಕಂಡಿ ಮಾಡಿಯೇ ಒಳನುಗ್ಗಿದರು. ನಿಲ್ಲುವ ಮೆಟ್ಟಿಲುಗಳ ಕಾಂಕ್ರೀಟು ಕಿತ್ತುಬರುತ್ತಿತ್ತು. ಎಸೆಯಲು ಕಲ್ಲು ಹುಡುಕುವ ಅಗತ್ಯವೇ ಇರಲಿಲ್ಲ. ಲಿವರ್‌ಪೂಲ್‌ನವರ ಪಕ್ಕದ ಝಡ್ ವಿಭಾಗ ತಟಸ್ಥ ಬೆಲ್ಜಿಯನ್ನರಿಗೆ ಮೀಸಲು ಎಂದು ಕಾಗದದ ಮೇಲಿತ್ತು. ಆ ಟಿಕೆಟ್‌ಗಳಲ್ಲಿ ಬಹಳಷ್ಟು ಬೆಲ್ಜಿಯಂನಲ್ಲಿ ನೆಲೆಸಿದ ಇಟಾಲಿಯನ್ನರಿಗೂ ದಲ್ಲಾಳಿಗಳ ಮೂಲಕ ಇಟಲಿಯಿಂದ ಬಂದ ಕುಟುಂಬಗಳಿಗೂ ಸೇರಿದ್ದವು. ಇದು ಅಪಾಯ ಎಂದು ಲಿವರ್‌ಪೂಲ್ ಕ್ಲಬ್ಬಿನ ಆಡಳಿತವೇ ಮೊದಲು ಎಚ್ಚರಿಸಿತ್ತು, ಯಾರೂ ಕಿವಿಗೊಡಲಿಲ್ಲ. ಎರಡು ಗುಂಪುಗಳ ನಡುವೆ ಇದ್ದದ್ದು ಕೋಳಿಗೂಡಿಗೆ ಹಾಕುವ ತಂತಿಬಲೆ ಮತ್ತು ಬೆರಳೆಣಿಕೆಯ ಪೊಲೀಸರು.

ಪಂದ್ಯ ಶುರುವಾಗುವ ಮುನ್ನವೇ ಲಿವರ್‌ಪೂಲ್ ಅಭಿಮಾನಿಗಳ ಒಂದು ಗುಂಪು ಬಲೆ ಕಿತ್ತು ಝಡ್ ವಿಭಾಗಕ್ಕೆ ನುಗ್ಗಿತು. ಅಲ್ಲಿದ್ದವರು ಜೀವ ಉಳಿಸಿಕೊಳ್ಳಲು ಮೂಲೆಯ ಗೋಡೆಯತ್ತ ಒತ್ತರಿಸಿದರು, ಗೋಡೆ ಕುಸಿಯಿತು. 39 ಜನ ಸತ್ತರು. ಅವರಲ್ಲಿ 32 ಮಂದಿ ಇಟಾಲಿಯನ್ನರು. ಹೆಣಗಳನ್ನು ಹೊರಗೆ ಸಾಲಾಗಿ ಮಲಗಿಸಿದ್ದಾಗಲೇ, ನಿಲ್ಲಿಸಿದರೆ ಇನ್ನೂ ದೊಡ್ಡ ದೊಂಬಿಯಾದೀತೆಂಬ ಭಯಕ್ಕೆ ಪಂದ್ಯವನ್ನು ಆಡಿಸಿ ಮುಗಿಸಿದರು. ಪ್ಲಾಟಿನಿ ಹೊಡೆದ ಪೆನಾಲ್ಟಿಯಲ್ಲಿ ಯುವೆಂಟಸ್ 1–0 ಗೆದ್ದಿತು.

ಹಿಂದಿನ ವರ್ಷ ರೋಮ್‌ನಲ್ಲಿ ಆದದ್ದಕ್ಕೆ ಇದು ಸೇಡು ಎಂದು ಕೆಲವರು ಹೇಳಿಕೊಂಡರು. ಝಡ್ ವಿಭಾಗದಲ್ಲಿ ಮಕ್ಕಳ ಕೈಹಿಡಿದು ನಿಂತಿದ್ದವರಿಗೂ ರೋಮಾದ ಚೂರಿಗೂ ಯಾವ ಸಂಬಂಧವೂ ಇರಲಿಲ್ಲ. ಆದ್ದರಿಂದ ಈ ವಾದವನ್ನು ಒಪ್ಪಲಾಗದು. ಆದರೆ ಎರಡು ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಇಂಗ್ಲಿಷ್ ಫುಟ್‌ಬಾಲ್ ಪುಂಡಾಟಿಕೆಯ ಕತೆ ಪೂರ್ತಿ ಅರ್ಥವಾಗುವುದೂ ಇಲ್ಲ. ಪುಂಡರಿಗೆ ಏಟು ಕೊಟ್ಟವರ ಕತೆಯೂ ಪುಂಡರಲ್ಲದವರು ಏಟು ತಿಂದ ಕತೆಯೂ ಅದರೊಳಗೇ ಇದೆ.

ಇಂಗ್ಲೆಂಡಿನಲ್ಲಿ ಚೆಂಡಾಟಕ್ಕೂ ಗಲಾಟೆಗೂ ನಂಟು ಹಳೆಯದು. 1314ರಲ್ಲೇ ಲಂಡನ್ನಿನ ಮೇಯರ್ ಊರೊಳಗಿನ ಗದ್ದಲದ ಕಾರಣಕ್ಕೆ ಫುಟ್‌ಬಾಲನ್ನು ನಿಷೇಧಿಸಿದ್ದ. ನಾವು ಇಂದು ಪುಂಡಾಟಿಕೆ ಎನ್ನುವುದು ಮಾತ್ರ 1960ರ ದಶಕದ ಕೂಸು. ಕೈಯಲ್ಲಿ ಸ್ವಲ್ಪ ಕಾಸು ಆಡುತ್ತಿದ್ದ ಹುಡುಗರು ಅಪ್ಪ, ಚಿಕ್ಕಪ್ಪಂದಿರ ಜೊತೆ ಬಿಟ್ಟು ತಮ್ಮದೇ ಗುಂಪು ಕಟ್ಟಿಕೊಂಡು ಗೋಲಿನ ಹಿಂದೆ ನಿಲ್ಲತೊಡಗಿದರು. ರೈಲ್ವೆಯವರು ಶನಿವಾರಗಳಂದು ಅಗ್ಗದ ‘ಫುಟ್‌ಬಾಲ್ ಸ್ಪೆಷಲ್’ ರೈಲು ಬಿಟ್ಟರು. ಪರವೂರಿಗೆ ಹೋಗಿ ಅಲ್ಲಿನವರ ಜಾಗವನ್ನು ಕಸಿಯುವುದು ಪಂದ್ಯದೊಳಗಿನ ಇನ್ನೊಂದು ಪಂದ್ಯವಾಯಿತು. ಕ್ರಮೇಣ ಈ ಗುಂಪುಗಳಿಗೆ ‘ಫರ್ಮ್’ ಎಂಬ ಹೆಸರು ಬಂತು. ವೆಸ್ಟ್ ಹ್ಯಾಮ್‌ನ ಇಂಟರ್ ಸಿಟಿ ಫರ್ಮ್, ಚೆಲ್ಸಿಯ ಹೆಡ್‌ಹಂಟರ್ಸ್, ಮಿಲ್‌ವಾಲ್‌ನ ಬುಷ್‌ವ್ಯಾಕರ್ಸ್, ಲೀಡ್ಸ್‌ನ ಸರ್ವಿಸ್ ಕ್ರೂ. ಸ್ಪೆಷಲ್ ರೈಲುಗಳಲ್ಲಿ ಪೊಲೀಸರು ಕಾದು ಕೂತಿರುತ್ತಿದ್ದುದರಿಂದ ಇವರು ಸಾಮಾನ್ಯ ಪ್ರಯಾಣಿಕರ ರೈಲು ಹತ್ತುತ್ತಿದ್ದರು. ಇಂಟರ್ ಸಿಟಿ, ಸರ್ವಿಸ್ ಎಂಬ ಹೆಸರುಗಳು ಬಂದದ್ದೇ ಹಾಗೆ. ವೆಸ್ಟ್ ಹ್ಯಾಮ್‌ನವರಂತೂ ಹೊಡೆತ ತಿಂದವನ ಮೈಮೇಲೆ ಅಚ್ಚುಹಾಕಿಸಿದ ವಿಸಿಟಿಂಗ್ ಕಾರ್ಡ್ ಎಸೆದು ಹೋಗುತ್ತಿದ್ದರು.

ಈ ಹುಡುಗರೇ ಕಡಲು ದಾಟಿದ್ದು 70ರ ದಶಕದಲ್ಲಿ. 1974ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಟಾಟನ್‌ಹ್ಯಾಮ್, 1975ರಲ್ಲಿ ಪ್ಯಾರಿಸ್‌ನಲ್ಲಿ ಲೀಡ್ಸ್, 1977ರಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್. ಹೋದ ಕಡೆಯೆಲ್ಲ ಕುರ್ಚಿ ಮುರಿದವು, ಅಂಗಡಿಗಳ ಗಾಜು ಒಡೆಯಿತು. 1980ರ ಯುರೋ ಟೂರ್ನಿಯಲ್ಲಿ, ಟ್ಯೂರಿನ್‌ನಲ್ಲಿ ಇಂಗ್ಲೆಂಡ್–ಬೆಲ್ಜಿಯಂ ಪಂದ್ಯದ ನಡುವೆ ಗ್ಯಾಲರಿಗೆ ಹಾರಿಸಿದ ಅಶ್ರುವಾಯು ಅಂಗಳಕ್ಕೂ ಹರಡಿ ಆಟ ನಿಲ್ಲಿಸಬೇಕಾಯಿತು. ಗೋಲಿ ರೇ ಕ್ಲೆಮೆನ್ಸ್ ಕಣ್ಣು ಉಜ್ಜಿಕೊಳ್ಳುತ್ತ ನಿಂತರು. ಯುರೋಪಿನ ಪತ್ರಿಕೆಗಳು ಇದಕ್ಕೆ ‘ಇಂಗ್ಲಿಷ್ ರೋಗ’ ಎಂದು ಹೆಸರಿಟ್ಟವು. ಇಟಲಿಯ ಅಲ್ಟ್ರಾಗಳು, ಹಾಲೆಂಡಿನ, ಜರ್ಮನಿಯ ಗುಂಪುಗಳು, ಅರ್ಜೆಂಟೀನಾದ ಬಾರಾ ಬ್ರಾವಾಗಳು ಇಂಗ್ಲೆಂಡಿನಿಂದ ಸೋಂಕು ತಗಲಿಸಿಕೊಂಡೇ ಹುಟ್ಟಿದವಲ್ಲ. ಹೆಸರು ಮಾತ್ರ ಅಂಟಿದ್ದು ಒಬ್ಬರಿಗೇ.

ಹೆಸರು ಅಂಟಿದ ಮೇಲೆ ಪ್ರಯಾಣದ ಸ್ವರೂಪವೇ ಬದಲಾಯಿತು. ಇಂಗ್ಲಿಷ್ ತಂಡ ಬರುತ್ತದೆಂದರೆ ಊರಿನ ಹೋಟೆಲು, ಬಾರುಗಳು ಬಾಗಿಲು ಹಾಕುತ್ತಿದ್ದವು. ಕಾಳಸಂತೆಯಲ್ಲಿ ಕೊಂಡ ಟಿಕೆಟ್ ಹಿಡಿದವನು ಎದುರಾಳಿಗಳ ನಡುವೆ ಹೋಗಿ ಬೀಳುತ್ತಿದ್ದ. ಹುಡುಗರನ್ನು ಹುಡುಕಿಕೊಂಡು ಊರಿನ ಪುಂಡರು ಬರುತ್ತಿದ್ದರು. ಇಂಗ್ಲಿಷರನ್ನು ಹೊಡೆದೆ ಎಂದು ಹೇಳಿಕೊಳ್ಳುವುದಕ್ಕೆ ಅವರ ಲೋಕದಲ್ಲಿ ಬೇರೆಯೇ ಬೆಲೆಯಿತ್ತು. 1982ರ ವಿಶ್ವಕಪ್, ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧ ಮುಗಿಯುವ ಹೊತ್ತಿಗೇ ಸ್ಪೇನ್‌ನಲ್ಲಿ ಶುರುವಾಯಿತು. ಅರ್ಜೆಂಟೀನಾ ಪರ ಸಹಾನುಭೂತಿಯಿದ್ದ ಸ್ಪೇನ್‌ನ ಬಲಪಂಥೀಯ ಗುಂಪುಗಳಿಗೆ ಇಂಗ್ಲಿಷ್ ಬಾವುಟ ಹೊದ್ದು ತಿರುಗುವವರು ಕಣ್ಣಿಗೆ ಬಿದ್ದರೆ ಸಾಕಿತ್ತು. 1984ರಲ್ಲಿ ಆಂಡರ್‌ಲೆಕ್ಟ್ ವಿರುದ್ಧದ ಯುಇಎಫ್ಎ ಕಪ್ ಫೈನಲ್‌ಗೆಂದು ಬ್ರಸೆಲ್ಸ್‌ಗೆ ಹೋಗಿದ್ದ ಟಾಟನ್‌ಹ್ಯಾಮ್‌ನ ಯುವ ಅಭಿಮಾನಿಯೊಬ್ಬ ಬಾರಿನಲ್ಲಿ ಗುಂಡೇಟಿಗೆ ಬಲಿಯಾದ. 90 ನಿಮಿಷದ ಆಟ ನೋಡಲು ಹೋದವನ ಹೆಣ ವಾಪಸು ಬಂದ ಮೇಲೂ ಚರ್ಚೆಯಾದದ್ದು ಇಂಗ್ಲಿಷರ ನಡತೆಯ ಬಗ್ಗೆಯೇ.

ವಿದ್ವಾಂಸರೂ ಈ ಪ್ರಶ್ನೆಯನ್ನು ಬಿಟ್ಟಿಲ್ಲ. 70ರ ದಶಕದ ಆರಂಭದಲ್ಲಿ ಇಯಾನ್ ಟೇಲರ್ ಎಂಬ ಮಾರ್ಕ್ಸ್‌ವಾದಿ ಸಮಾಜಶಾಸ್ತ್ರಜ್ಞ, ಕ್ಲಬ್ಬುಗಳು ಕಾರ್ಮಿಕರ ಕೈತಪ್ಪಿ ವ್ಯಾಪಾರಿಗಳ ಪಾಲಾದದ್ದಕ್ಕೆ ಇದು ಪ್ರತಿಭಟನೆ ಎಂದರು. ಆಕ್ಸ್‌ಫರ್ಡ್‌ನ ಪೀಟರ್ ಮಾರ್ಷ್ ಗ್ಯಾಲರಿಗಳನ್ನು ನೋಡಿ, ಈ ಅಬ್ಬರದಲ್ಲಿ ಬಹುಪಾಲು ಬರೀ ಆರ್ಭಟ, ಅದಕ್ಕೂ ಒಳಗೊಂದು ನೀತಿನಿಯಮವಿದೆ ಎಂದು ವಾದಿಸಿದರು. ಲೆಸ್ಟರ್ ವಿಶ್ವವಿದ್ಯಾಲಯದ ಎರಿಕ್ ಡನಿಂಗ್, ಪ್ಯಾಟ್ರಿಕ್ ಮರ್ಫಿ, ಜಾನ್ ವಿಲಿಯಮ್ಸ್ ಇದರ ಬೇರು ಕೆಳಸ್ತರದ ಕಾರ್ಮಿಕ ಕೇರಿಗಳ ಗಂಡಸುತನದ ಕಲ್ಪನೆಯಲ್ಲಿದೆ ಎಂದರು. ಅವರು ಅಭಿಮಾನಿಗಳೊಂದಿಗೆ ತಾವೂ ಪ್ರಯಾಣ ಮಾಡಿ 1984ರಲ್ಲಿ ಹೊರತಂದ ‘ಹೂಲಿಗನ್ಸ್ ಅಬ್ರಾಡ್’ ಹೇಸೆಲ್‌ಗೆ ಮುಂಚಿನ ದಿನಗಳ ಮುಖ್ಯ ದಾಖಲೆ. ಈ ಎಲ್ಲ ವಾದಗಳಲ್ಲೂ ಒಂದೊಂದು ಅಂಶ ನಿಜವಿದೆ, ಆದರೆ ಎಲ್ಲವೂ ಹುಡುಗ ಏಕೆ ಹೊಡೆದಾಡುತ್ತಾನೆ ಎಂದು ಮಾತ್ರ ಕೇಳುತ್ತವೆ. ಅದೇ ಹುಡುಗ ಒಂದು ಊರಲ್ಲಿ ಹೊಡೆದಾಡಿ ಇನ್ನೊಂದು ಊರಲ್ಲಿ ಸುಮ್ಮನೆ ಬಿಯರ್ ಕುಡಿದು ಹಾಡಿ ಬರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಬರಲು ಇನ್ನೂ ಕಾಲ ಬೇಕಿತ್ತು.

ಹೇಸೆಲ್ ಆದ ಮೇಲೆ ಇಂಗ್ಲಿಷ್ ಕ್ಲಬ್ಬುಗಳನ್ನು ಐದು ವರ್ಷ ಯುರೋಪಿನಿಂದ ಹೊರಗಿಟ್ಟರು, ಲಿವರ್‌ಪೂಲನ್ನು ಆರು ವರ್ಷ. ಲಿವರ್‌ಪೂಲ್‌ನ 14 ಅಭಿಮಾನಿಗಳಿಗೆ ಬೆಲ್ಜಿಯಂ ನ್ಯಾಯಾಲಯ ಶಿಕ್ಷೆ ವಿಧಿಸಿತು. ಬೆಲ್ಜಿಯಂನ ಒಬ್ಬ ಪೊಲೀಸ್ ಅಧಿಕಾರಿ ಮತ್ತು ಫುಟ್‌ಬಾಲ್ ಒಕ್ಕೂಟದ ಪದಾಧಿಕಾರಿಯ ತಪ್ಪೂ ಸಾಬೀತಾಯಿತು ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ. ಮನೆಯೊಳಗೆ ಮಾರ್ಗರೆಟ್ ಥ್ಯಾಚರ್ ಸರ್ಕಾರ ಅಭಿಮಾನಿಗಳನ್ನೇ ಒಳಗಿನ ಶತ್ರುಗಳಂತೆ ಕಂಡಿತು. ಎಲ್ಲರಿಗೂ ಗುರುತಿನ ಚೀಟಿ ಕಡ್ಡಾಯ ಮಾಡುವ ಯೋಜನೆ ಬಂತು. ಚೆಲ್ಸಿಯ ಅಧ್ಯಕ್ಷ ಕೆನ್ ಬೇಟ್ಸ್ ಹೇಸೆಲ್‌ಗೆ ಮುಂಚೆಯೇ ಅಂಗಳದ ಸುತ್ತ ವಿದ್ಯುತ್ ಬೇಲಿಯನ್ನೇ ಎಬ್ಬಿಸಿದ್ದ. ಕರೆಂಟ್ ಹರಿಸಲು ನಗರಾಡಳಿತ ಒಪ್ಪಲಿಲ್ಲ, ಅಷ್ಟೆ.  ಬಹುತೇಕ ದೊಡ್ಡ ಕ್ರೀಡಾಂಗಣಗಳಲ್ಲಿ ಎತ್ತರದ ಕಬ್ಬಿಣದ ಬೇಲಿ ನಿಂತಿತ್ತು.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಅಂಥ ಬೇಲಿಗೆ ಒತ್ತಿಕೊಂಡೇ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಹೊರಗಿನ ನೂಕುನುಗ್ಗಲು ತಗ್ಗಿಸಲು ಪೊಲೀಸರೇ ಗೇಟು ತೆರೆಸಿ, ಆಗಲೇ ತುಂಬಿದ್ದ ವಿಭಾಗಕ್ಕೆ ಜನ ಹರಿಯುವಂತೆ ಮಾಡಿದ್ದರು. ಬೇಲಿ ಹತ್ತಿ ಉಸಿರಿಗಾಗಿ ಒದ್ದಾಡಿದವರನ್ನು ಅಂಗಳಕ್ಕೆ ನುಗ್ಗುವ ಪುಂಡರೆಂದು ಪೊಲೀಸರು ಮೊದಲು ಬಗೆದರು. ಅಭಿಮಾನಿಗಳೇ ಗೇಟು ಮುರಿದರು ಎಂಬ ಸುಳ್ಳನ್ನು ಅಂದೇ ಹರಡಿದರು. ‘ದಿ ಸನ್’ ಪತ್ರಿಕೆ ಆ ಸುಳ್ಳಿಗೆ ಇನ್ನಷ್ಟು ಸೇರಿಸಿ ಮುಖಪುಟದಲ್ಲಿ ಅದೇ ಸತ್ಯವೆಂದು ಅಚ್ಚುಹಾಕಿತು. ಲಿವರ್‌ಪೂಲ್ ಊರಿನಲ್ಲಿ ಇವತ್ತಿಗೂ ಆ ಪತ್ರಿಕೆ ಕೊಳ್ಳುವವರು ವಿರಳ. ಸತ್ತವರ ಸಂಖ್ಯೆ ಈಗ 97. ಅವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು, ಅಭಿಮಾನಿಗಳದು ತಪ್ಪಿಲ್ಲ ಎಂದು ತನಿಖಾ ಜ್ಯೂರಿ ಹೇಳಿದ್ದು 2016ರಲ್ಲಿ, 27 ವರ್ಷಗಳ ನಂತರ. ಈ ದುರಂತದ ಕುರಿತ ನ್ಯಾಯಮೂರ್ತಿ ಟೇಲರ್ ವರದಿ ಮಾತ್ರ 1990ರಲ್ಲೇ ಬಂದು ಗುರುತಿನ ಚೀಟಿಯ ಯೋಜನೆಯನ್ನು ತಿರಸ್ಕರಿಸಿ, ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಕುರ್ಚಿ ಇರಬೇಕೆಂದಿತು.

ಅದೇ 1990ರ ವಿಶ್ವಕಪ್‌ನಲ್ಲಿ ಇಟಲಿ ಇಂಗ್ಲೆಂಡನ್ನು ಸಾರ್ಡೀನಿಯಾ ದ್ವೀಪಕ್ಕೆ ಹಾಕಿತು. ಸುತ್ತ ಸಮುದ್ರವಿದ್ದರೆ ಕಾಯುವುದು ಸುಲಭ ಎಂಬ ಲೆಕ್ಕ. ಅಮೆರಿಕದ ಬರಹಗಾರ ಬಿಲ್ ಬುಫರ್ಡ್ ಅಲ್ಲಿದ್ದರು. ಪುಂಡರ ನಡುವೆ ವರ್ಷಗಟ್ಟಲೆ ತಿರುಗಿ ಬರೆದ ಅವರ ‘ಅಮಂಗ್ ದ ಥಗ್ಸ್’ ಅಲ್ಲಿನ ಪೊಲೀಸರ ಕೈಯಲ್ಲಿ ಸ್ವತಃ ಏಟು ತಿನ್ನುವಲ್ಲಿಗೆ ತಲುಪುತ್ತದೆ. ಇಂಥ ಪುಸ್ತಕಗಳಲ್ಲಿ ಇಂದಿಗೂ ಓದಬಹುದಾದದ್ದು ಅದೊಂದೇ ಎನ್ನಿಸುತ್ತದೆ. ನಿವೃತ್ತ ಪುಂಡರು ತಮ್ಮ ‘ಪರಾಕ್ರಮ’ ಬರೆದು ಮಾರಿದ ಆತ್ಮಕತೆಗಳ ರಾಶಿಗೆ ಇಂಗ್ಲೆಂಡಿನ ಪುಸ್ತಕದಂಗಡಿಗಳಲ್ಲಿ ಒಂದು ಕಾಲಕ್ಕೆ ಬೇರೆ ಕಪಾಟೇ ಇತ್ತು.

ಕ್ಲಬ್ಬುಗಳು ಯುರೋಪಿಗೆ ಮರಳಿದ ಮೇಲೆ ಅಪಾಯದ ದಿಕ್ಕು ಸ್ಪಷ್ಟವಾಗಿಯೇ ಬದಲಾಯಿತು. 1993ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ಗೆ ಹೋದ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ‘ನರಕಕ್ಕೆ ಸ್ವಾಗತ’ ಎಂಬ ಫಲಕಗಳು ಎದುರುಗೊಂಡವು. ಹೋಟೆಲ್ಲಿನಲ್ಲಿ ಮಲಗಿದ್ದ ನೂರಕ್ಕೂ ಹೆಚ್ಚು ಅಭಿಮಾನಿಗಳನ್ನು ಪೊಲೀಸರು ಎಬ್ಬಿಸಿ ಲಾಕಪ್ಪಿಗೆ ತಳ್ಳಿ, ಪಂದ್ಯ ನೋಡಲು ಬಿಡದೆ ವಿಮಾನ ಹತ್ತಿಸಿದರು. ಸುಮಾರು ಆರೂವರೆ ವರ್ಷದ ನಂತರ ಅದೇ ಊರಲ್ಲಿ, 2000ದ ಏಪ್ರಿಲ್ 5ರ ರಾತ್ರಿ ತಕ್ಸಿಮ್ ಚೌಕದ ಬಳಿ ಲೀಡ್ಸ್‌ನ ಇಬ್ಬರು ಅಭಿಮಾನಿಗಳು ಚೂರಿ ಇರಿತಕ್ಕೆ ಸತ್ತರು. ಯುಇಎಫ್ಎ ಕಪ್ ಸೆಮಿಫೈನಲ್ ಮರುದಿನ ಏನೂ ಆಗಿಲ್ಲವೆಂಬಂತೆ ನಡೆಯಿತು, ಒಂದು ನಿಮಿಷದ ಮೌನಾಚರಣೆಯೂ ಇಲ್ಲದೆ. ಆ ಊರಿನ ತಂಡ ಗಲಾಟಸರಾಯ್ ಲೀಡ್ಸ್ ವಿರುದ್ಧ 2–0 ಗೆದ್ದಿತು. ಲೀಡ್ಸ್‌ನವರು ಟರ್ಕಿಯ ಬಾವುಟಕ್ಕೆ ಅವಮಾನ ಮಾಡಿದರು, ಹೆಂಗಸರನ್ನು ಕೆಣಕಿದರು ಎಂಬ ಮಾತುಗಳು ಕೂಡಲೇ ಹರಡಿದವು. ಅವೆಲ್ಲ ನಿಜವೇ ಎಂದಿಟ್ಟುಕೊಂಡರೂ ಚೂರಿ ಅದಕ್ಕೆ ಉತ್ತರವಲ್ಲ. ಮುಂದಿನ ತಿಂಗಳು ಕೋಪನ್‌ಹೇಗನ್‌ನಲ್ಲಿ ಗಲಾಟಸರಾಯ್ ಮತ್ತು ಆರ್ಸೆನಲ್ ನಡುವಿನ ಫೈನಲ್‌ಗೆ ಮುನ್ನ ಪುರಭವನದ ಚೌಕದಲ್ಲಿ ದೊಡ್ಡ ಹೊಡೆದಾಟವಾಯಿತು. ಲೀಡ್ಸ್‌ನ ಸಾವಿಗೆ ಸೇಡು ಎಂದುಕೊಂಡು ಆರ್ಸೆನಲ್ ಜೊತೆ ನಂಟೇ ಇಲ್ಲದ ಫರ್ಮ್‌ಗಳವರೂ ಅಲ್ಲಿಗೆ ಬಂದಿದ್ದರು.

ಅದೇ ಬೇಸಿಗೆಯ ಯುರೋ 2000ದಲ್ಲಿ ಬೆಲ್ಜಿಯಂನ ಶಾರ್ಲರ್ವಾ ಊರಿನ ಚೌಕದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಹಾರಿದವು, ಜಲಫಿರಂಗಿ ಬಂತು. ಇಂಗ್ಲೆಂಡನ್ನು ಟೂರ್ನಿಯಿಂದಲೇ ಹೊರಹಾಕುವ ಬೆದರಿಕೆಯನ್ನು ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್ಎ ಹಾಕಿತು. ಟೋನಿ ಬ್ಲೇರ್ ಸರ್ಕಾರ ತರಾತುರಿಯಲ್ಲಿ ಹೊಸ ಕಾನೂನು ತಂದಿತು. ಶಂಕಿತ ವ್ಯಕ್ತಿ ಪಂದ್ಯಗಳಿಗೆ ಹೋಗದಂತೆ ನ್ಯಾಯಾಲಯ ತಡೆಯಬಹುದು. ವಿದೇಶದಲ್ಲಿ ಪಂದ್ಯವಿದ್ದಾಗ ಪಾಸ್‌ಪೋರ್ಟನ್ನು ಪೊಲೀಸರಿಗೆ ಒಪ್ಪಿಸಬೇಕು. ಇದಕ್ಕೆ ಹಿಂದೆ ಶಿಕ್ಷೆಯಾಗಿರಲೇಬೇಕೆಂದಿಲ್ಲ. 2006ರ ಜರ್ಮನಿ ವಿಶ್ವಕಪ್ ವೇಳೆಗೆ ಈ ಆದೇಶಕ್ಕೆ ಒಳಗಾದವರು ಮೂರು ಸಾವಿರಕ್ಕೂ ಹೆಚ್ಚು. ಅಲ್ಲಿಂದ ಎಲ್ಲ ಸರಿಹೋಯಿತು ಎಂಬುದು ಬ್ರಿಟಿಷ್ ಸರ್ಕಾರದ ಕತೆ. ಅರ್ಧ ಸರಿ. ಆದರೆ ಶಾರ್ಲರ್ವಾ ಮತ್ತು ಬ್ರಸೆಲ್ಸ್‌ನಲ್ಲಿ ಹಿಡಿದುಹಾಕಿದ ಒಂಬೈನೂರಕ್ಕೂ ಹೆಚ್ಚು ಜನರಲ್ಲಿ ಬಹುತೇಕರ ಮೇಲೆ ಮೊಕದ್ದಮೆಯೇ ಹೂಡಲಿಲ್ಲ. ಇಂಗ್ಲಿಷ್ ಮಾತಾಡುವವರನ್ನೆಲ್ಲ ಬಾಚಿ ಗಡಿ ದಾಟಿಸಿದ್ದರು. ಅಂಥವರಲ್ಲೂ ಹಲವರು ಆಮೇಲೆ ಪೊಲೀಸರ ಪಟ್ಟಿಯಲ್ಲಿ ಪುಂಡರಾಗಿ ಉಳಿದರು.

ಉಳಿದ ಅರ್ಧಕ್ಕೆ ಉತ್ತರ ಸಿಕ್ಕಿದ್ದು 2004ರ ಯುರೋ ನಡೆದ ಪೋರ್ಚುಗಲ್‌ನಲ್ಲಿ. ಮನಃಶಾಸ್ತ್ರಜ್ಞ ಕ್ಲಿಫರ್ಡ್ ಸ್ಟಾಟ್ ಮತ್ತು ಅವರ ಸಹೋದ್ಯೋಗಿಗಳು, ಗುಂಪನ್ನೆಲ್ಲ ಒಂದೇ ಎಂದು ಹೊಡೆದರೆ ಅದು ನಿಜಕ್ಕೂ ಒಂದಾಗಿ ತಿರುಗಿಬೀಳುತ್ತದೆ ಎಂದು ವರ್ಷಗಳಿಂದ ಹೇಳುತ್ತಿದ್ದರು. ನಗರಗಳನ್ನು ನೋಡಿಕೊಳ್ಳುವ ಪೋರ್ಚುಗಲ್ ಪೊಲೀಸರು ಆ ಸಲಹೆ ಕೇಳಿದರು. ಮಾಮೂಲಿ ಸಮವಸ್ತ್ರದಲ್ಲಿ ಇಬ್ಬಿಬ್ಬರಾಗಿ ಅಭಿಮಾನಿಗಳ ನಡುವೆ ಓಡಾಡಿ ಮಾತಾಡಿಸಿದರು. ಗಲಭೆ ನಿಗ್ರಹ ದಳ ಕಣ್ಣಿಗೆ ಬೀಳದಂತೆ ಗಲ್ಲಿಯ ಹಿಂದೆ ಕಾದಿತು. ತಪ್ಪು ಮಾಡಿದವನನ್ನು ಮಾತ್ರ ಹಿಡಿದರು. ಸಾವಿರಾರು ಇಂಗ್ಲಿಷರು ಬಂದ ಆ ಊರುಗಳಲ್ಲಿ ದೊಡ್ಡ ಗಲಾಟೆಯೇ ಆಗಲಿಲ್ಲ. ಗಲಾಟೆಯಾದದ್ದು ದಕ್ಷಿಣದ ಅಲ್ಬುಫೈರಾದಲ್ಲಿ. ಆ ಊರು ಇನ್ನೊಂದು ಪೊಲೀಸ್ ದಳದ ಕೈಯಲ್ಲಿತ್ತು, ಅದು ಹಳೆಯ ಕ್ರಮವನ್ನೇ ಹಿಡಿದಿತ್ತು. ಒಂದೇ ದೇಶ, ಒಂದೇ ಟೂರ್ನಿ, ಒಂದೇ ಜನ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷ್ಯ ಇನ್ನೊಂದಿಲ್ಲ.

ಅದರಿಂದ ಎಲ್ಲರೂ ಪಾಠ ಕಲಿತರೆಂದಲ್ಲ. ರೋಮ್‌ನಲ್ಲಿ ಇಂಗ್ಲಿಷ್ ಅಭಿಮಾನಿಗಳ ತೊಡೆ, ಪೃಷ್ಠಕ್ಕೆ ಚೂರಿ ಹಾಕುವುದು 2000ದ ದಶಕದಲ್ಲೂ ನಡೆದೇ ಇತ್ತು. ಸಾಯದಂತೆ, ಆದರೆ ಗುರುತು ಉಳಿಯುವಂತೆ ಇರಿಯುವುದು ಅಲ್ಲಿನ ಪದ್ಧತಿ. 2007ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಅಭಿಮಾನಿಗಳಿಗೆ ಅಲ್ಲಿ ಎಚ್ಚರದಿಂದಿರಿ, ಇಂಥ ಸೇತುವೆ ದಾಟಬೇಡಿ ಎಂದು ಸೂಚನೆ ಕೊಟ್ಟಾಗ ರೋಮ್‌ನವರು ಸಿಟ್ಟಾದರು. ಪಂದ್ಯದ ದಿನ ಇರಿತವೂ ಆಯಿತು, ಗ್ಯಾಲರಿಯಲ್ಲಿ ಪೊಲೀಸರ ಲಾಠಿಯೂ ಬಿತ್ತು. 2012ರ ನವೆಂಬರ್‌ನಲ್ಲಿ ಕಾಂಪೊ ದೆ ಫಿಯೋರಿಯ ಪಬ್ಬಿನಲ್ಲಿ ಕೂತಿದ್ದ ಟಾಟನ್‌ಹ್ಯಾಮ್ ಅಭಿಮಾನಿಗಳ ಮೇಲೆ ಮುಖ ಮುಚ್ಚಿಕೊಂಡ ಗುಂಪು ದಾಳಿ ಮಾಡಿತು. ಯೆಹೂದಿಗಳೊಂದಿಗೆ ನಂಟಿರುವ ಕ್ಲಬ್ ಎಂಬ ದ್ವೇಷವೂ ಅದರಲ್ಲಿ ಬೆರೆತಿತ್ತು.

2016ರ ಜೂನ್ 11ರಂದು ಫ್ರಾನ್ಸಿನ ಮಾರ್ಸೆಯಲ್ಲಿ ಯುರೋ ಟೂರ್ನಿಯ ಇಂಗ್ಲೆಂಡ್–ರಷ್ಯ ಪಂದ್ಯದ ದಿನ ಕಂಡದ್ದು ಹೊಸ ತಲೆಮಾರು. ಬಂದರಿನ ಸುತ್ತಲ ಬಾರುಗಳಲ್ಲಿ ಇಂಗ್ಲಿಷರು ಎರಡು ದಿನದಿಂದ ಕುಡಿದು ಕೂಗಾಡಿ, ಬಾಟಲಿ ಎಸೆದು, ಅಶ್ರುವಾಯು ತಿಂದಿದ್ದರು. ಆ ಮಟ್ಟಿಗೆ ತಪ್ಪು ಅವರದೇ. ಆಮೇಲೆ ಬಂದ ಸುಮಾರು 150 ರಷ್ಯನ್ನರು ಕುಡಿದಿರಲಿಲ್ಲ. ಹಲ್ಲಿಗೆ ರಕ್ಷಣಾ ಪಟ್ಟಿ, ಕೈಗೆ ಕಾದಾಟದ ಗವಸು ತೊಟ್ಟು, ದಂಡಿನ ಶಿಸ್ತಿನಲ್ಲಿ ನುಗ್ಗಿ ಹೊಡೆದು ಚದುರಿದರು. ಪಂದ್ಯ ಮುಗಿಯುತ್ತಿದ್ದಂತೆ ಗ್ಯಾಲರಿಯೊಳಗೂ ಇಂಗ್ಲಿಷರಿದ್ದ ಭಾಗಕ್ಕೆ ದಾಳಿಯಾಗಿ ಕುಟುಂಬಗಳು ಗೋಡೆ ಹಾರಿ ಓಡಿದವು. ಒಬ್ಬ ಅಭಿಮಾನಿ ಕೋಮಾಕ್ಕೆ ಹೋದ. ಹುಡುಗರು ಚೆನ್ನಾಗಿ ಮಾಡಿದರು ಎಂಬ ಧಾಟಿಯಲ್ಲಿ ಮಾತಾಡಿದವನು ರಷ್ಯದ ಸಂಸತ್ತಿನ ಉಪಾಧ್ಯಕ್ಷ ಇಗೊರ್ ಲೆಬೆದೆವ್. ತಮಾಷೆಯೆಂದರೆ ಈ ರಷ್ಯನ್ ಗುಂಪುಗಳು ಬಟ್ಟೆಯಿಂದ ಹಿಡಿದು ಫರ್ಮ್ ಕಟ್ಟುವ ರೀತಿಯವರೆಗೆ ಎಲ್ಲವನ್ನೂ 80ರ ದಶಕದ ಇಂಗ್ಲಿಷರಿಂದಲೇ ಕಲಿತಿದ್ದವು. ಅದೇ ರಷ್ಯದಲ್ಲಿ 2018ರ ವಿಶ್ವಕಪ್ ನಡೆದಾಗ, ಸರ್ಕಾರ ಮೊದಲೇ ಪುಂಡರ ಕಿವಿ ಹಿಂಡಿದ್ದರಿಂದ, ಇಂಗ್ಲಿಷ್ ಅಭಿಮಾನಿಗಳು ಬೀದಿಯಲ್ಲಿ ಹಾಡಿ ಕ್ಷೇಮವಾಗಿ ವಾಪಸಾದರು.

ಇಂಗ್ಲೆಂಡಿನಲ್ಲಿ ಪುಂಡಾಟಿಕೆ ಮುಗಿದಿದೆ ಎನ್ನುವವರು 2021ರ ಜುಲೈ 11ರ ವೆಂಬ್ಲಿಯನ್ನು ನೆನೆಯಬೇಕು. ಯುರೋ ಫೈನಲ್‌ಗೆ ಸುಮಾರು ಎರಡು ಸಾವಿರ ಜನ ಟಿಕೆಟ್ ಇಲ್ಲದೆ, ಅಂಗವಿಕಲರ ಬಾಗಿಲನ್ನೂ ಬಿಡದೆ ನುಗ್ಗಿದರು. ಪ್ರಾಣಹಾನಿಯಾಗದೆ ಉಳಿದದ್ದು ಅದೃಷ್ಟ ಎಂದು ಲೂಯಿಸ್ ಕೇಸಿ ವರದಿ ಹೇಳಿತು. ಅಲ್ಲಿ ಬಿಯರಿನ ಜೊತೆ ಕೊಕೇನಿನ ಪಾಲೂ ಇತ್ತು. ಹಾಗಾಗಿ ಇಂಗ್ಲಿಷರ ಮೇಲಿನ ಅನುಮಾನ ಬರೀ ಪೂರ್ವಗ್ರಹ ಎಂದು ತಳ್ಳಿಹಾಕುವಂತಿಲ್ಲ.

ಆದರೆ ಅನುಮಾನವೇ ಆಡಳಿತವಾದರೆ ಏನಾಗುತ್ತದೆ ಎಂಬುದನ್ನು ಮರುವರ್ಷ ಮೇ 28ರಂದು ಪ್ಯಾರಿಸ್ ತೋರಿಸಿತು. ಲಿವರ್‌ಪೂಲ್ ಮತ್ತು ರಿಯಲ್ ಮ್ಯಾಡ್ರಿಡ್ ನಡುವಿನ ಚಾಂಪಿಯನ್ಸ್ ಲೀಗ್ ಫೈನಲ್. ರೈಲು ಮುಷ್ಕರದಿಂದಾಗಿ ಸಾವಿರಾರು ಜನ ಒಂದೇ ದಾರಿಗೆ ಬಿದ್ದರು. ಆ ದಾರಿ ಕೆಳಸೇತುವೆಯೊಂದನ್ನು ದಾಟಿ, ಪೊಲೀಸ್ ವಾಹನಗಳನ್ನು ಅಡ್ಡ ನಿಲ್ಲಿಸಿ ಇಕ್ಕಟ್ಟು ಮಾಡಿದ ತಪಾಸಣಾ ಕೇಂದ್ರಕ್ಕೆ ತಲುಪುತ್ತಿತ್ತು. ಗೇಟುಗಳು ಮುಚ್ಚಿಕೊಂಡವು. ಟಿಕೆಟ್ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಿದ್ದ ಮಕ್ಕಳು, ಗಾಲಿಕುರ್ಚಿಯಲ್ಲಿದ್ದವರ ಮೇಲೆ ಅಶ್ರುವಾಯು ಬಿತ್ತು. ಪಂದ್ಯ 36 ನಿಮಿಷ ತಡವಾಯಿತು. ವಾಪಸು ಹೋಗುವ ದಾರಿಯಲ್ಲಿ ಸ್ಥಳೀಯ ಗುಂಪುಗಳು ಎರಡೂ ತಂಡದವರನ್ನು ಹೊಡೆದು ದೋಚಿದವು. ಒಳಾಡಳಿತ ಸಚಿವ ಜೆರಾಲ್ಡ್ ದರ್ಮನಾನ್ ಮಾತ್ರ ಟಿಕೆಟ್ ಇಲ್ಲದ ಇಲ್ಲವೇ ನಕಲಿ ಟಿಕೆಟ್ ಹಿಡಿದ 30ರಿಂದ 40 ಸಾವಿರ ಇಂಗ್ಲಿಷರೇ ಕಾರಣ ಎಂದರು. ಕ್ರೀಡಾಂಗಣದ ಸಿಸಿಟಿವಿ ದೃಶ್ಯಗಳನ್ನು ಯಾರೂ ಕೇಳದ ಕಾರಣ ಏಳು ದಿನಕ್ಕೆ ತಾವಾಗಿ ಅಳಿಸಿಹೋದವು.

ಹಿಲ್ಸ್‌ಬರೋಗೆ ಕಾರಣ ಪುಂಡರು ಎಂಬ, ಎಂದೋ ಸುಳ್ಳೆಂದು ಸಾಬೀತಾದ ನಂಬಿಕೆಯೇ ಪ್ಯಾರಿಸ್ ಪೊಲೀಸರ ತಯಾರಿಯ ಹಿಂದಿತ್ತು ಎಂದು ಯುಇಎಫ್ಎ ನೇಮಿಸಿದ ಸ್ವತಂತ್ರ ಸಮಿತಿ 2023ರ ಫೆಬ್ರವರಿಯಲ್ಲಿ ಹೇಳಿತು. ಅವಘಡಕ್ಕೆ ಮೊದಲ ಹೊಣೆ ಯುಇಎಫ್ಎಯದೇ, ಸಾವುಗಳಾಗದಂತೆ ತಡೆದದ್ದು ತಾಳ್ಮೆಯಿಂದ ನಿಂತ ಅಭಿಮಾನಿಗಳೇ ಎಂದೂ ದಾಖಲಿಸಿತು. ಮಾರ್ಚ್‌ನಲ್ಲಿ ಯುಇಎಫ್ಎ ಲಿವರ್‌ಪೂಲ್‌ಗೆ ಹಂಚಿದ್ದ ಎಲ್ಲ 19,618 ಟಿಕೆಟ್‌ಗಳ ಹಣ ವಾಪಸು ಕೊಡುವುದಾಗಿ ಪ್ರಕಟಿಸಿತು.